ಟೇಪಿನ ಅಂಚಿನಲ್ಲಿರುವ ದನಿಗಳು ಅಳಿಯುವ ಮೊದಲು

ಮಾನ್ಯ ಸಂಪಾದಕರೇ,

ಮನೆಯಲ್ಲಿರುವ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬೇಡಿ ಎಂದು ನಮ್ಮ ಹಾಸನ ಜಿಲ್ಲೆಯವರನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಸುಗ್ಗಿಯ ಹೊತ್ತಿನಲ್ಲಿ ಆಲೂರಿನ ಕಡೆ ಹೋಗುವಾಗ ಒಂದು ಭತ್ತದ ಗದ್ದೆಗೆ ಉದ್ದಕ್ಕೂ ಅಡ್ಡಕ್ಕೂ ಕಪ್ಪು ಪಟ್ಟಿ ಎಳೆದು ಕಟ್ಟಿದ್ದನ್ನು ಕಂಡೆ. ಗಾಳಿಗೆ ಅದು ಗುಂಯ್‌ಗುಡುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ. ಇಳಿದು ನೋಡಿದರೆ ಅರ್ಧ ಇಂಚು ಅಗಲದ ವಿಡಿಯೊ ಟೇಪು. ಬದುವಿನ ಮೇಲೆ ಬಿದ್ದಿದ್ದ ಖಾಲಿ ಕ್ಯಾಸೆಟ್‌ನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಯಾರೋ ನೀಲಿ ಶಾಯಿಯಿಂದ ‘ಆರತಕ್ಷತೆ, ಭಾಗ 2’ ಎಂದು ದುಂಡಗೆ ಬರೆದಿದ್ದರು. ಫಸಲು ಕಾಯುವ ರೈತನನ್ನು ನಾನು ದೂರುವುದಿಲ್ಲ. ಅವನಿಗೆ ಅದು ಸಿಕ್ಕಿದ್ದು ಗುಜರಿಯವನಿಂದ. ಗುಜರಿಯವನಿಗೆ ಕೊಟ್ಟವರೂ ಮನಸ್ಸಿಲ್ಲದೆ ಕೊಟ್ಟಿರಬೇಕು. ಹಾಕಿ ನೋಡಲು ಯಂತ್ರವೇ ಇಲ್ಲದ ಮೇಲೆ ಇಟ್ಟುಕೊಂಡು ಏನು ಮಾಡುವುದು ಎಂದುಕೊಂಡಿರುತ್ತಾರೆ. ಆದರೆ ಆ ಪಟ್ಟಿಯಲ್ಲಿದ್ದ ಅಜ್ಜ ಅಜ್ಜಿಯರು ಇನ್ನೆಲ್ಲಿ ಸಿಗುತ್ತಾರೆ?

ನಮ್ಮ ಮನೆಗೆ ವಿಸಿಆರ್, ಅಂದರೆ ವಿಡಿಯೊ ಕ್ಯಾಸೆಟ್ ರೆಕಾರ್ಡರ್, ಬಂದದ್ದು 1984ರ ಬೇಸಿಗೆಯಲ್ಲಿ. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮ ಮಾವನವರದು ಸಣ್ಣ ಕಾಫಿ ತೋಟ. ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಆಗಷ್ಟೇ ಸೇರಿದ್ದೆ. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದ ನನ್ನ ಮೈದುನ ರಜೆಗೆ ಬರುವಾಗ ನ್ಯಾಷನಲ್ ಕಂಪನಿಯ ಯಂತ್ರವೊಂದನ್ನು ತಂದ. ಮುಂಬೈಯಲ್ಲಿ ಸುಂಕ ಕಟ್ಟಿ, ಮಂಗಳೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಶಿರಾಡಿ ಘಾಟಿಯ ತಿರುವುಗಳಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದ. ಮೇಲಿನಿಂದ ಕ್ಯಾಸೆಟ್ ಹಾಕುವ ಮಾದರಿ. ಗುಂಡಿ ಒತ್ತಿದರೆ ಮುಚ್ಚಳ ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಕ್ಯಾಸೆಟ್ ಇಟ್ಟು ಕೈಯಿಂದ ಒತ್ತಿ ಮುಚ್ಚಬೇಕು. ಮುಚ್ಚಿದ ಕೂಡಲೇ ಒಳಗೆ ಕರ್ ಎಂಬ ಸದ್ದು. ಆ ಸದ್ದಿಗೆ ಮನೆಯ ಮಕ್ಕಳೆಲ್ಲ ಎಲ್ಲಿದ್ದರೂ ಓಡಿ ಬರುತ್ತಿದ್ದರು.

ಇಲ್ಲಿ ಒಂದು ಸಂಗತಿಯನ್ನು ಇಂದಿನ ಹುಡುಗರಿಗೆ ಹೇಳಬೇಕು. ನಮ್ಮ ಮನೆಗೆ ದೂರದರ್ಶನ ಬರುವ ಮೊದಲು ವಿಸಿಆರ್ ಬಂತು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್‌ನಲ್ಲೇ ಆರಂಭವಾಗಿತ್ತು. 1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣವೂ ಬಂದಿದ್ದವು. ಅದೇ ವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟವನ್ನು ನಗರಗಳ ಜನ ಬಣ್ಣದಲ್ಲಿ ನೋಡಿದರು. ದೇಶದ ಮೂಲೆಮೂಲೆಗೂ ಆ ಕಾರ್ಯಕ್ರಮಗಳನ್ನು ತಲುಪಿಸಿದ ಇನ್ಸಾಟ್–1ಬಿ ಉಪಗ್ರಹ 1983ರ ಆಗಸ್ಟ್‌ನಲ್ಲಿ ಹಾರಿತು. ಅದನ್ನು ಆಕಾಶದಲ್ಲಿ ಅಂಕೆಯಲ್ಲಿಟ್ಟುಕೊಂಡಿದ್ದದ್ದು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊ ಪ್ರಧಾನ ನಿಯಂತ್ರಣ ಕೇಂದ್ರ. ಅಲ್ಲಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ಆದರೂ ನಮ್ಮ ಗುಡ್ಡಗಳ ಮರೆಯಲ್ಲಿ ಆಂಟೆನಾ ಎಷ್ಟು ಎತ್ತರಕ್ಕೆ ಕಟ್ಟಿದರೂ ಪರದೆಯ ಮೇಲೆ ಬರೀ ಚುಕ್ಕೆ. ಹಾಗಾಗಿ ನಮ್ಮಲ್ಲಿ ಜನ ವಿಸಿಆರ್‌ಗಾಗಿಯೇ ಟಿ.ವಿ. ಕೊಂಡರು. ನಾವು ಕೊಂಡದ್ದು ಡಯನೋರಾ ಕಪ್ಪು–ಬಿಳುಪು ಪೆಟ್ಟಿಗೆ. ಬಣ್ಣದ ಕ್ಯಾಸೆಟ್ ಹಾಕಿದರೂ ಕಾಣುವುದು ಬೂದು ಬಣ್ಣವೇ. ಯಾರಿಗೂ ಅದು ಕೊರತೆ ಎನಿಸಲಿಲ್ಲ.

ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹಣ್ಣು ಕೊಯ್ಲಿನ ಕಾಲದಲ್ಲಿ, ವಾರದ ಬಟವಾಡೆಯ ದಿನ ಸಂಜೆ, ಮಾವನವರು ಟಿ.ವಿ.ಯನ್ನೂ ವಿಸಿಆರ್ ಅನ್ನೂ ಕಾಫಿ ಕಣಕ್ಕೆ ಹೊರಿಸುತ್ತಿದ್ದರು. ಒಣಗುತ್ತಿದ್ದ ಕಾಫಿಯನ್ನು ಒಂದು ಬದಿಗೆ ರಾಶಿ ಮಾಡಿ ಟಾರ್ಪಾಲು ಹೊದಿಸಿದರೆ ಉಳಿದ ಕಣವೆಲ್ಲ ಜನರಿಗೆ. ತೋಟದ ಕೂಲಿಯವರ ಲೈನ್ ಮನೆಗಳಿಂದ ಕಂಬಳಿ ಹೊದ್ದು ಬರುವವರು, ಪಕ್ಕದ ತೋಟಗಳ ಆಳುಗಳು, ಮೇಸ್ತ್ರಿ, ರೈಟರು, ಎಲ್ಲರೂ ಹಗಲು ಕಾದ ಸಿಮೆಂಟಿನ ಬಿಸುಪಿಗೆ ಮೈ ಒಡ್ಡಿಕೊಂಡು ಕೂರುತ್ತಿದ್ದರು. ಡಾ. ರಾಜ್‌ಕುಮಾರ್ ಅವರ ಚಿತ್ರವಾದರೆ ಅದು ಮುಗಿದ ಮೇಲೂ ಯಾರೂ ಏಳುತ್ತಿರಲಿಲ್ಲ; ಇನ್ನೊಮ್ಮೆ ಹಾಕಿ ಎಂಬ ಕೋರಿಕೆ ಬರುತ್ತಿತ್ತು. ಮೊದಲಿನಿಂದ ಹಾಕಲು ಟೇಪು ಪೂರ್ತಿ ಹಿಂದಕ್ಕೆ ಸುತ್ತಬೇಕು. ಅದು ಸುತ್ತುವ ಹೊತ್ತಿನಲ್ಲಿ ಬೆಲ್ಲದ ಕಾಫಿ ಹಂಚುತ್ತಿದ್ದೆವು.

ದೂರದರ್ಶನದ ತರಂಗ ನಮ್ಮ ಕಡೆಗೂ ತಲುಪಿದ ಮೇಲೆ ಆ ಯಂತ್ರದ ನಿಜವಾದ ಶಕ್ತಿ ಏನೆಂದು ನನಗೆ ತಿಳಿಯಿತು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಬರುತ್ತಿತ್ತಲ್ಲ, ಅದು ಹಿಂದಿಯಲ್ಲಿ. ನಮ್ಮ ತೋಟದವರಲ್ಲಿ ಯಾರಿಗೂ ಹಿಂದಿ ಬಾರದು. ಬೆಳಿಗ್ಗೆ ನಾನು ಅದನ್ನು ರೆಕಾರ್ಡ್ ಮಾಡಿಟ್ಟರೆ ಸಂಜೆ ಎಲ್ಲರೂ ಸೇರಿದಾಗ ಮಾವನವರು ನನ್ನನ್ನು ಯಂತ್ರದ ಪಕ್ಕ ಕೂರಿಸುತ್ತಿದ್ದರು. ಅವರು ಕೈ ಎತ್ತಿದ ಕೂಡಲೇ ನಾನು ಪಾಸ್ ಗುಂಡಿ ಒತ್ತಬೇಕು. ಚಿತ್ರ ನಡುಗುತ್ತ ನಿಲ್ಲುತ್ತಿತ್ತು. ಗಮಕ ವಾಚನದಲ್ಲಿ ವ್ಯಾಖ್ಯಾನಕಾರರು ಮಾಡುವಂತೆ ಅವರು ಅಲ್ಲಿಯವರೆಗಿನ ಮಾತಿಗೆ ಕನ್ನಡದಲ್ಲಿ ಅರ್ಥ ಹೇಳಿ, ತಮಗೆ ಬಾಯಿಗೆ ಬರುತ್ತಿದ್ದ ಷಟ್ಪದಿಗಳನ್ನೂ ಸೇರಿಸಿ, ‘ಹೂಂ, ಬಿಡಮ್ಮಾ’ ಎನ್ನುತ್ತಿದ್ದರು. ಅವರ ಅರ್ಥ ಉದ್ದವಾಯಿತೆಂದರೆ ಯಂತ್ರವೇ ಪಾಸ್ ಬಿಡಿಸಿಕೊಂಡುಬಿಡುತ್ತಿತ್ತು. ನಿಂತ ಟೇಪಿನ ಒಂದೇ ಜಾಗವನ್ನು ಅದನ್ನು ಓದುವ ಹೆಡ್ಡು ಉಜ್ಜುತ್ತಲೇ ಇದ್ದರೆ ಎರಡೂ ಸವೆಯುತ್ತವೆಂದು ಅದನ್ನು ಮಾಡಿದವರು ಹಾಗೆ ಏರ್ಪಾಡು ಮಾಡಿರುತ್ತಾರೆ. ಮಾವನವರಿಗೆ ಮಾತ್ರ ಅದು ಸಭಾಮರ್ಯಾದೆ ಇಲ್ಲದ ನಡತೆಯಾಗಿ ಕಾಣುತ್ತಿತ್ತು! ಆ ವ್ಯಾಖ್ಯಾನವನ್ನು ಹಿಡಿದಿಡಲು ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಮಲೆನಾಡಿನ ಮಳೆಗಾಲಕ್ಕೂ ಈ ಯಂತ್ರಕ್ಕೂ ಮೊದಲಿನಿಂದಲೇ ಆಗಿಬರಲಿಲ್ಲ. ಮೊದಲ ಜೂನ್‌ನಲ್ಲೇ ಮುಂಭಾಗದಲ್ಲಿ ‘ಡ್ಯೂ’ ಎಂಬ ಸಣ್ಣ ಕೆಂಪು ದೀಪ ಹೊತ್ತಿಕೊಂಡು ಯಾವ ಗುಂಡಿ ಒತ್ತಿದರೂ ಯಂತ್ರ ಅಲುಗಾಡಲಿಲ್ಲ. ಕೆಟ್ಟೇ ಹೋಯಿತೆಂದು ಮನೆಯಲ್ಲಿ ಎಲ್ಲರೂ ಪೇಚಾಡಿಕೊಂಡರು. ಜೊತೆಗೆ ಬಂದಿದ್ದ ಪುಸ್ತಿಕೆ ಓದಿದಾಗ ತಿಳಿಯಿತು: ಒಳಗಿರುವ ಲೋಹದ ಡ್ರಮ್ಮಿನ ಮೇಲೆ ತೇವ ಕಟ್ಟಿದರೆ ಟೇಪು ಅದಕ್ಕೆ ಅಂಟಿಕೊಂಡು ಹರಿಯುತ್ತದೆ, ಹಾಗಾಗದಂತೆ ಯಂತ್ರ ತಾನೇ ನಿಂತುಬಿಡುತ್ತದೆ. ಆಮೇಲೆ ಪ್ರತಿ ಮಳೆಗಾಲದಲ್ಲೂ ವಿಸಿಆರ್ ಇಟ್ಟಿದ್ದ ಗೂಡಿನೊಳಗೆ 40 ವ್ಯಾಟ್‌ನ ಬಲ್ಬು ಉರಿಸುವುದು ರೂಢಿಯಾಯಿತು. ಕರೆಂಟು ಹೋದರೆ ಕೋಣೆಯಲ್ಲಿ ಅಗ್ಗಿಷ್ಟಿಕೆ. ಹಾಸನ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ರೆಕಾರ್ಡ್ ಮಾಡಲು ತೊಂದರೆಯಾಗಲಿಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ. ಆಗಸ್ಟ್ 15ರಂದು ಅವರು ಕೆಂಪುಕೋಟೆಯಿಂದ ಹಿಂದಿಯಲ್ಲಿ ಭಾಷಣ ಮಾಡುವವರಿದ್ದರು. ಅದನ್ನು ರೆಕಾರ್ಡ್ ಮಾಡಿಕೊಡಬೇಕೆಂದು ಹೊಳೆನರಸೀಪುರದ ಕಡೆಯ ನಮ್ಮ ನೆಂಟರು ಖಾಲಿ ಕ್ಯಾಸೆಟ್ ಕಳಿಸಿದ್ದರು. ಹಿಂದಿನ ರಾತ್ರಿಯೆಲ್ಲ ಬಲ್ಬು ಉರಿಸಿ, ಬೆಳಿಗ್ಗೆ ಐದಕ್ಕೆ ಎದ್ದು ‘ಡ್ಯೂ’ ದೀಪ ಆರಿದೆಯೇ ಎಂದು ನೋಡಿ, ಭಾಷಣವನ್ನು ಪೂರ್ತಿ ಹಿಡಿದೆ. ಆ ಕ್ಯಾಸೆಟ್‌ನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ತುಣುಕನ್ನು ಅಂದೇ ಮುರಿದು ತೆಗೆದೆ. ಅದನ್ನು ಮುರಿದರೆ ಅದರ ಮೇಲೆ ಇನ್ನೊಂದು ಕಾರ್ಯಕ್ರಮ ರೆಕಾರ್ಡ್ ಆಗುವುದಿಲ್ಲ.

ಇಷ್ಟನ್ನು ಹೇಳಿದ್ದು ಹಳೆಯ ದಿನಗಳ ಮೇಲಿನ ಮೋಹದಿಂದ ಹೌದು. ಆದರೆ ನನ್ನ ಮುಖ್ಯ ವಿಷಯ ಮುಂದಿದೆ.

1989ರಲ್ಲಿ ನನ್ನ ನಾದಿನಿಯ ಮದುವೆ ಮನೆಯಂಗಳದ ಚಪ್ಪರದಲ್ಲೇ ನಡೆಯಿತು. ಆ ಹೊತ್ತಿಗೆ ಹಾಸನದಲ್ಲಿ ಮದುವೆ ವಿಡಿಯೊ ತೆಗೆಯುವವರು ಬಂದಿದ್ದರು. ಹೆಗಲ ಮೇಲೆ ಇಟ್ಟುಕೊಳ್ಳುವ ದೊಡ್ಡ ಕ್ಯಾಮೆರಾ, ಹಿಂದೆ ಹ್ಯಾಲೊಜೆನ್ ದೀಪ ಹಿಡಿದ ಹುಡುಗ, ಅವನ ಹಿಂದೆ ವೈರು ಬಿಡಿಸುತ್ತ ಬರುವ ಇನ್ನೊಬ್ಬ. ಆ ದೀಪ ಹೊತ್ತಿದೊಡನೆ ಮನೆಯ ಉಳಿದ ದೀಪಗಳೆಲ್ಲ ಕೆಂಪಗಾಗುತ್ತಿದ್ದವು. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಲೈನ್ ಮನೆಯ ಒಬ್ಬ ಅಜ್ಜಿಯನ್ನು ನಮ್ಮ ಅತ್ತೆಯವರು ಕರೆಸಿದ್ದರು. ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಸೋಬಾನೆ ಪದಕ್ಕೆ ಆಕೆಯೇ ಬೇಕು. ಹಸೆಯ ಮೇಲೆ ಹೆಣ್ಣನ್ನು ಕೂರಿಸುವುದರಿಂದ ಹಿಡಿದು ಒಪ್ಪಿಸಿಕೊಡುವವರೆಗೆ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಪದ. ಆಕೆ ಒಂದು ಸಾಲು ಎತ್ತಿಕೊಟ್ಟರೆ ಹಿಂದೆ ಕೂತ ಹೆಂಗಸರು ಅದನ್ನು ಎತ್ತಿಕೊಂಡು ಹಾಡುತ್ತಿದ್ದರು. ಕ್ಯಾಮೆರಾದ ಬೆಳಕು ಮುಖಕ್ಕೆ ಬಿದ್ದಾಗ ಬಂದವರೆಲ್ಲ ಸೆರಗು ಸರಿಪಡಿಸಿಕೊಂಡು ಸುಮ್ಮನಾಗುತ್ತಿದ್ದರು. ಆ ಅಜ್ಜಿ ಮಾತ್ರ ಒಮ್ಮೆ ಕಣ್ಣು ಕಿರಿದು ಮಾಡಿ ಬೆಳಕಿನ ಕಡೆ ನೋಡಿ, ಹಾಡು ನಿಲ್ಲಿಸದೆ ಮುಂದುವರಿಸಿದಳು.

ತಿಂಗಳ ಮೇಲೆ ಮದುವೆಯ ಕ್ಯಾಸೆಟ್ ಕೈಗೆ ಬಂತು. ಹಾಕಿ ನೋಡಿದರೆ ಅಜ್ಜಿಯ ಬಾಯಿ ಆಡುತ್ತಿದೆ, ಕೇಳುತ್ತಿರುವುದು ಚಿತ್ರಗೀತೆ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ. ಮದುವೆಮನೆಯ ಗಲಾಟೆಯನ್ನೆಲ್ಲ ಅಳಿಸಿ, ಮೊದಲಿನಿಂದ ಕೊನೆಯವರೆಗೆ ಹಾಡು ಸುರಿದು, ಹೃದಯದ ಆಕಾರದೊಳಗೆ ವಧೂವರರನ್ನು ಕೂರಿಸಿ ಕೊಡುವುದು. ಜನರೂ ಅದನ್ನೇ ಬಯಸುತ್ತಿದ್ದರು ಎಂದು ಒಪ್ಪುತ್ತೇನೆ. ಆದರೆ ನಾವು ಮದುವೆಗೆ ಹೋಗಿ ಕೇಳುವುದು ಆ ಗಲಾಟೆಯನ್ನೇ ಅಲ್ಲವೇ? ಪುರೋಹಿತರ ಮಂತ್ರ, ಅಡುಗೆಯವರ ಕೂಗು, ವಾಲಗ, ಹೆಂಗಸರ ನಗು, ಮಕ್ಕಳ ಅಳು. ಮರುದಿನವೇ ಹಾಸನಕ್ಕೆ ಹೋಗಿ, ಹಾಡು ಸೇರಿಸುವ ಮೊದಲಿನ ಮೂಲ ಕ್ಯಾಸೆಟ್‌ಗಳನ್ನು ಕೊಡಿ ಎಂದು ಕೇಳಿದೆ. ಅವರು ಅವುಗಳ ಮೇಲೆ ಮುಂದಿನ ಮದುವೆ ತೆಗೆಯುವವರಿದ್ದರು. ಹೊಸ ಕ್ಯಾಸೆಟ್‌ಗಳ ಬೆಲೆ ಕೊಟ್ಟು ಬಿಡಿಸಿಕೊಂಡು ಬಂದೆ. ಆ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಜೊತೆ ಹಾಡುತ್ತಿದ್ದವರೂ ಇಲ್ಲ. ಅವಳ ಮೊಮ್ಮಕ್ಕಳ ಬಳಿ ಒಂದು ಫೋಟೊ ಕೂಡ ಇಲ್ಲ. ಆಕೆ ಇರುವುದು ನಮ್ಮ ಮನೆಯ ಆ ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ.

ಈಗ ಓದುಗರು ಸ್ವಲ್ಪ ತಾಳ್ಮೆಯಿಂದ ವಿಜ್ಞಾನದ ಪಾಠ ಕೇಳಬೇಕು. ನಮ್ಮಲ್ಲಿ ಬಳಕೆಯಲ್ಲಿದ್ದದ್ದು ವಿಎಚ್‌ಎಸ್ ಮಾದರಿ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದದ್ದು. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು ಇರುತ್ತದೆ. ಅದು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ನಿಧಾನವಾಗಿ ಸರಿಯುತ್ತದೆ. ಆದರೆ ಚಿತ್ರಕ್ಕೆ ಆ ವೇಗ ಸಾಲದು. ಆದ್ದರಿಂದ ಹೆಡ್ಡುಗಳನ್ನು 62 ಮಿಲಿಮೀಟರ್ ಅಡ್ಡಳತೆಯ ಡ್ರಮ್ಮಿಗೆ ಕೂರಿಸಿ, ಅದನ್ನು ಓರೆಯಾಗಿ ನಿಲ್ಲಿಸಿ, ನಿಮಿಷಕ್ಕೆ 1,500 ಸುತ್ತು ತಿರುಗಿಸುತ್ತಾರೆ. ಒಂದು ಸುತ್ತಿಗೆ ಒಂದು ಪೂರ್ಣ ಚಿತ್ರ, ಸೆಕೆಂಡಿಗೆ 25 ಚಿತ್ರ. ಹೀಗೆ ಚಿತ್ರವು ಟೇಪಿನ ನಡುಭಾಗದಲ್ಲಿ ಓರೆ ಗೆರೆಗಳಾಗಿ ಬರೆಯಲ್ಪಡುತ್ತದೆ. ಒಂದೊಂದು ಗೆರೆಯ ಅಗಲ 49 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸುಮಾರು ಇಪ್ಪತ್ತರಲ್ಲೊಂದು ಭಾಗ. ಧ್ವನಿಗೆ ಅಂಥ ವೇಗ ಬೇಡವಾದ್ದರಿಂದ ಸಾಮಾನ್ಯ ವಿಸಿಆರ್‌ಗಳು ಅದನ್ನು ಟೇಪಿನ ಮೇಲಂಚಿನಲ್ಲಿ ಒಂದು ಮಿಲಿಮೀಟರ್ ಅಗಲದ ನೇರ ಪಟ್ಟಿಯಲ್ಲಿ ಬರೆಯುತ್ತವೆ.

ತೇವದ ಊರಿನಲ್ಲಿ ಬೂಷ್ಟು ಟೇಪಿನ ಸುರುಳಿಗೆ ಹತ್ತುವುದು ಅಂಚಿನಿಂದಲೇ. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ನೋಡಿ: ಸುರುಳಿಯ ಕಪ್ಪು ಮೈಮೇಲೆ ಬಿಳಿ ಪುಡಿ ಅಥವಾ ಬಲೆಯಂಥ ಕಲೆ ಕಂಡರೆ ಅದು ಬೂಷ್ಟು. ಅಂಚು ಮಡಿಸಿದರೂ ಸುಕ್ಕಾದರೂ ಮೊದಲು ಏಟು ಬೀಳುವುದು ಧ್ವನಿಯ ಪಟ್ಟಿಗೆ. ಅಂದರೆ ಮುಖ ಇನ್ನೂ ಕಾಣುತ್ತಿರುವಾಗಲೇ ಮಾತು ಹೊರಟುಹೋಗುತ್ತದೆ. ನಮ್ಮ ಮೂಲ ಕ್ಯಾಸೆಟ್ಟಿಗೂ ಹೀಗೆಯೇ ಆಗತೊಡಗಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿದ್ದರೂ ಒಂದು ಬದಿಯಲ್ಲಿ ಬಿಳಿ ಕಂಡಿತು. ಬೂಷ್ಟು ಹಿಡಿದ ಟೇಪನ್ನು ಹಾಗೇ ಯಂತ್ರಕ್ಕೆ ಹಾಕಬಾರದು. ಹಾಕಿದರೆ ಅದು ಹೆಡ್ಡಿಗೂ, ಆಮೇಲೆ ಹಾಕುವ ಪ್ರತಿಯೊಂದು ಟೇಪಿಗೂ ಹತ್ತುತ್ತದೆ. ಹಾಸನದಲ್ಲಿ ಹಿಂದೆ ಟಿ.ವಿ., ವಿಸಿಆರ್ ರಿಪೇರಿ ಮಾಡುತ್ತಿದ್ದು ಈಗ ಅಂಗಡಿ ಮುಚ್ಚಿರುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ.

ಅವರ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದ್ದು ನನ್ನ ಭಾಗ್ಯ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮನೆಯೊಳಗಲ್ಲ, ಹೊರಗಿನ ಜಗಲಿಯಲ್ಲಿ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದರು. ಸುರುಳಿಗಳನ್ನು ಬೇರೊಂದು ಒಳ್ಳೆಯ ಪೆಟ್ಟಿಗೆಗೆ ವರ್ಗಾಯಿಸಿದರು. ಕೈಯಿಂದ ಒಂದೊಂದೇ ಸುತ್ತು ಸುತ್ತುತ್ತ, ನುಣುಪಾದ ಬಟ್ಟೆಯ ನಡುವೆ ಟೇಪು ಹಾಯಿಸಿ ಬೂಷ್ಟು ಒರೆಸಿದರು. ಆಮೇಲೆ ನಮ್ಮ ಯಂತ್ರದ ಮೇಲ್ಮುಚ್ಚಳ ತೆಗೆದರು. ಮೊದಲೆಲ್ಲ ಮನೆಮನೆಗಳಲ್ಲಿ ಹೊಸ ರೂಪಾಯಿ ನೋಟಿನಿಂದ ಹೆಡ್ಡು ಒರೆಸುತ್ತಿದ್ದರಲ್ಲ, ಅದನ್ನು ನೆನೆದು ಅವರು ತಲೆ ಅಲ್ಲಾಡಿಸಿದರು. ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಡ್ರಮ್ಮಿಗೆ ಹಗುರವಾಗಿ ತಾಗಿಸಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಡ್ರಮ್ಮನ್ನೇ ತಿರುಗಿಸಿದರು. ಕಾಗದವನ್ನು ಮೇಲೆ ಕೆಳಗೆ ಆಡಿಸಲೇ ಇಲ್ಲ. ‘ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ ಮೇಡಂ, ಇನ್ನು ಅದು ಹುಟ್ಟುವುದಿಲ್ಲ’ ಎಂದರು. ಕಾಗದದ ಮೇಲೆ ಕಂದು ಬಣ್ಣದ ಗೆರೆ ಮೂಡಿತು. ಗೆರೆ ಬಾರದಂತಾಗುವವರೆಗೆ ಕಾಗದ ಬದಲಿಸುತ್ತಲೇ ಇದ್ದರು. ಗಟ್ಟಿಯಾಗಿದ್ದ ರಬ್ಬರ್ ಚಕ್ರವನ್ನು ನುಣ್ಣನೆಯ ಉಪ್ಪುಕಾಗದದಲ್ಲಿ ತೀಡಿ, ಹಳೆಯ ಬೆಲ್ಟು ತೆಗೆದು ಹೊಸದು ಹಾಕಿದರು.

ಕ್ಯಾಸೆಟ್ ಓಡಿತು. ಅಜ್ಜಿ ಕಂಡಳು. ಮೊದಲ ಎರಡು ಪದ ಪೂರ್ತಿ ಕೇಳಿಸುತ್ತವೆ. ಮೂರನೆಯದರಲ್ಲಿ ದನಿ ನೀರಿನೊಳಗಿಂದ ಬಂದಂತೆ ಮಂಕಾಗುತ್ತ ಏಳುತ್ತ ಮುಳುಗುತ್ತ ಹೋಗುತ್ತದೆ. ನಾಲ್ಕನೆಯದರಲ್ಲಿ ಬಾಯಿ ಮಾತ್ರ ಆಡುತ್ತದೆ. ಆ ಪದ ಯಾವುದೆಂದು ಊರಿನಲ್ಲಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟು, ಒಂದು ಪ್ರತಿಯನ್ನು ಅಜ್ಜಿಯ ಮೊಮ್ಮಗಳಿಗೆ ಕೊಟ್ಟೆ.

ನಮ್ಮದೊಂದೇ ಮನೆಯ ಕಥೆಯಲ್ಲ ಇದು. ನಮ್ಮ ಜಿಲ್ಲೆಯ ಬೀರುಗಳಲ್ಲಿ, ಅಟ್ಟಗಳಲ್ಲಿ ಏನೇನಿರಬಹುದು ಎಂದು ಯೋಚಿಸಿ. ಸಕಲೇಶಪುರದ ಹಳ್ಳಿಗಳ ಸುಗ್ಗಿ ಕುಣಿತ, ಬೇಲೂರು ಚೆನ್ನಕೇಶವನ ರಥೋತ್ಸವ, 1993ರ ಡಿಸೆಂಬರ್‌ನಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಮಹಾಮಸ್ತಕಾಭಿಷೇಕಕ್ಕೆ ಹೋದವರು ತೆಗೆದ ಚಿತ್ರ. ಪರಿಚಿತರೊಬ್ಬರ ಬಳಿ ಸಕಲೇಶಪುರ ನಿಲ್ದಾಣದಿಂದ ಘಾಟಿಯ ಕಡೆಗೆ ಹೊರಟ ಮೀಟರ್ ಗೇಜ್ ರೈಲಿನ ದೃಶ್ಯವಿದೆ. 1979ರಲ್ಲಿ ತೆರೆದ ಆ ಮಾರ್ಗ ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ನಿಂತಿತು. ಆ ರೈಲನ್ನು ಇನ್ನು ಯಾರೂ ಹೊಸದಾಗಿ ಚಿತ್ರಿಸಲಾರರು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯ ಒಟ್ಟು ಸಂಗ್ರಹಕ್ಕೆ, ಒಪ್ಪಿಸುತ್ತಿದ್ದ ಕಾಲದ ಕಣಗಳು, ಅಳತೆ, ಆ ಲೆಕ್ಕಾಚಾರದ ಮಾತುಗಳು ಯಾವುದೋ ಗೃಹಪ್ರವೇಶದ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಿ ಸಿಕ್ಕರೂ ಸಿಕ್ಕಬಹುದು. ಹಾಸನದ ಹಳೆಯ ಬೀದಿಗಳು ದಿಬ್ಬಣದ ಹಿಂದೆ ಹಾದುಹೋಗಿರುತ್ತವೆ. ತೆಗೆದವರಿಗೆ ಅದು ಮುಖ್ಯವಾಗಿರಲಿಲ್ಲ. ನಮಗೆ ಈಗ ಮುಖ್ಯ.

ಬಾಡಿಗೆ ಅಂಗಡಿಗಳಿಂದ ತಂದ ಚಿತ್ರಗಳ ನಕಲು ಕ್ಯಾಸೆಟ್‌ಗಳ ಬಗ್ಗೆ ನಾನು ಮಾತನಾಡುತ್ತಿಲ್ಲ. ಅವು ಬೇರೆಯವರ ಸ್ವತ್ತು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೊ ಚಿತ್ರಗಳನ್ನೂ ಸೇರಿಸಿದ್ದು ಅದಕ್ಕಾಗಿಯೇ. ಆ ಚಿತ್ರಗಳು ಬೇರೆಡೆ ಸಿಗುತ್ತವೆ ಕೂಡ. ನಮ್ಮ ಮನೆಮಂದಿಯನ್ನು ನಾವೇ ಹಿಡಿದಿಟ್ಟುಕೊಂಡ ಟೇಪುಗಳು ಬೇರೆಡೆ ಸಿಗುವುದಿಲ್ಲ.

ಸಮಯ ಇನ್ನು ಹೆಚ್ಚಿಲ್ಲ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಈಗ ಇರುವ ಯಂತ್ರಗಳೇ ಕೊನೆಯವು. ಒಂದರ ಹೆಡ್ಡು ತೆಗೆದು ಇನ್ನೊಂದಕ್ಕೆ ಹಾಕಿ ನಡೆಸಬೇಕು. 2019ರಲ್ಲಿ ಯುನೆಸ್ಕೊ, ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆಗೂಡಿ, ಕಾಂತೀಯ ಟೇಪುಗಳ ಬಗ್ಗೆ ಎಚ್ಚರಿಕೆಯ ಯೋಜನೆಯನ್ನೇ ಆರಂಭಿಸಿತು. ಯಂತ್ರಗಳೂ ಬಿಡಿಭಾಗಗಳೂ ಇಲ್ಲದೆ 2025ರ ಹೊತ್ತಿಗೆ ಇಂಥ ಟೇಪುಗಳನ್ನು ಎಂದಿನಂತೆ ಓದುವುದು ನಿಂತುಹೋಗಬಹುದು ಎಂಬುದು ಆಗ ಅದರ ಕಳವಳವಾಗಿತ್ತು. ಯಂತ್ರಕ್ಕಿಂತ ಬೇಗ ಇಲ್ಲವಾಗುತ್ತಿರುವವರು ಅದನ್ನು ಬಿಚ್ಚಿ ಜೋಡಿಸಬಲ್ಲ ನಮ್ಮ ರಿಪೇರಿಯವರು. ಅವರಿಗೆಲ್ಲ ವಯಸ್ಸಾಗಿದೆ. ಅವರ ಕೈಯಲ್ಲಿರುವ ವಿದ್ಯೆಯನ್ನು ಕಲಿಯಲು ಯಾರೂ ಬಂದಿಲ್ಲ.

ಆದ್ದರಿಂದ ಹಾಸನ ಜಿಲ್ಲಾಡಳಿತಕ್ಕೆ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನನ್ನ ಮನವಿ ಇದು. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಮಹಾರಾಜ ಪಾರ್ಕ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೋ ತೇವವಿಲ್ಲದ ಒಂದು ಕೊಠಡಿ ಕೊಡಿ. ಅಲ್ಲಿ ಚಾಲನೆಯಲ್ಲಿರುವ ಒಂದೆರಡು ವಿಸಿಆರ್, ಒಂದು ಕಂಪ್ಯೂಟರ್ ಇರಲಿ. ಹಳೆಯ ರಿಪೇರಿಯವರನ್ನು ಗೌರವಧನ ಕೊಟ್ಟು ಕರೆಸಿ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಅವರ ಪಕ್ಕ ಕೂತು ಕಲಿಯಲಿ. ಜನ ತಮ್ಮ ಕ್ಯಾಸೆಟ್ ತಂದರೆ ಅದನ್ನು ಇಳಿಸಿ ಒಂದು ಪ್ರತಿ ಮನೆಯವರಿಗೆ ಕೊಡುವುದು. ಅವರು ಒಪ್ಪಿದರೆ ಮಾತ್ರ ಇನ್ನೊಂದು ಪ್ರತಿ ಜಿಲ್ಲೆಗೆ. ಹಾಡು, ಶಾಸ್ತ್ರ, ಕುಣಿತಗಳಿರುವ ಭಾಗವನ್ನು ಗುರುತಿಸಿಕೊಡಲು ಕರ್ನಾಟಕ ಜಾನಪದ ಅಕಾಡೆಮಿಯ ನೆರವು ಕೇಳಬಹುದು. ಆಕಾಶದಲ್ಲಿರುವ ಉಪಗ್ರಹಗಳನ್ನು ನಡೆಸುವ ಊರಿಗೆ ಇಷ್ಟು ಕೆಲಸ ದೊಡ್ಡದಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಕೆಲವು ಮಾತು. ಕ್ಯಾಸೆಟ್‌ಗಳನ್ನು ಅಟ್ಟದಿಂದ ಇಳಿಸಿ. ಮಲಗಿಸದೆ, ಪುಸ್ತಕ ಇಡುವಂತೆ ನಿಲ್ಲಿಸಿ, ಒಣ ಬೀರುವಿನಲ್ಲಿ, ಸ್ಪೀಕರ್‌ಗಳಿಂದ ದೂರ ಇಡಿ. ಬೂಷ್ಟು ಕಂಡರೆ ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಮದುವೆ ವಿಡಿಯೊ ತೆಗೆಯುತ್ತಿದ್ದವರು ನಿಮಗೆ ಪರಿಚಿತರಿದ್ದರೆ ಹಾಡು ಸೇರಿಸುವ ಮೊದಲಿನ ಮೂಲ ಟೇಪು ಉಳಿದಿದೆಯೇ ಎಂದು ವಿಚಾರಿಸಿ. ಅಂಥದ್ದು ಒಂದು ಸಿಕ್ಕರೂ ಅದನ್ನೇ ಮೊದಲು ಇಳಿಸಿಕೊಳ್ಳಿ. ಇಳಿಸಿದ್ದ ಪ್ರತಿ ಡಿವಿಡಿಯಲ್ಲಿ ಮಾತ್ರ ಇದ್ದರೆ ಅದೂ ಸಾಲದು, ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೊಂದು ಇರಲಿ. ಚಿತ್ರದಲ್ಲಿರುವವರ ಹೆಸರು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕ ಕೂರಿಸಿಕೊಂಡು ಬರೆದಿಟ್ಟುಕೊಳ್ಳಿ.

ನಮ್ಮ ನ್ಯಾಷನಲ್ ಯಂತ್ರ ಈಗಲೂ ಓಡುತ್ತದೆ. ಬಿಡಿಭಾಗಗಳಿಗೆಂದು ಕೊಂಡಿಟ್ಟ ಇನ್ನೊಂದು ಹಳೆಯ ಯಂತ್ರವೂ ಇದೆ. ಮೇಲೆ ಹೇಳಿದಂಥ ಕೊಠಡಿ ಸಿದ್ಧವಾದರೆ ಎರಡನ್ನೂ ಕೊಡುತ್ತೇನೆ, ವಾರದಲ್ಲಿ ಎರಡು ದಿನ ಬಂದು ಕೆಲಸಕ್ಕೂ ಕೂರುತ್ತೇನೆ. ಆ ಹಿರಿಯ ರಿಪೇರಿಯವರೂ ಬರಲು ಒಪ್ಪಿದ್ದಾರೆ. ಮಳೆಗಾಲ ಹಿಡಿಯುವ ಮೊದಲು ಸಂಬಂಧಪಟ್ಟವರು ಒಂದು ಸಭೆ ಕರೆಯಲಿ. ಕರೆದರೆ ಮೂಲ ಕ್ಯಾಸೆಟ್‌ನ ಪ್ರತಿಯೊಂದಿಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ